ಕುಮ್ಮಟದುರ್ಗದ ವೀರನೂ ಜಪಾನಿನ ಮುಸಾಶಿಯೂ

2024ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಒಂದು ಸಮಾರಂಭದಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ತನ್ನ ಹೊಸ ವಿಡಿಯೋ ಗೇಮ್‌ನ ತುಣುಕು ತೋರಿಸಿತು. ಹೆಸರು 'ಒನಿಮುಶಾ: ವೇ ಆಫ್ ದ ಸ್ವೋರ್ಡ್'. ಕಥೆ ನಡೆಯುವುದು ಹಳೆಯ ಕ್ಯೋಟೋ ನಗರದಲ್ಲಿ, ಕಥಾನಾಯಕ ಮಿಯಾಮೋಟೋ ಮುಸಾಶಿ. ಈ ಸರಣಿಯ ಮೊದಲ ಆಟ ಬಂದದ್ದು 2001ರಲ್ಲಿ. 2006ರ ನಂತರ ಮುಖ್ಯ ಸರಣಿಯಲ್ಲಿ ಹೊಸ ಕಥೆಯೇ ಬಂದಿರಲಿಲ್ಲ. ಚಿಕ್ಕಂದಿನಲ್ಲಿ ಆಡಿ ಬಿಟ್ಟವರು ಮಕ್ಕಳೊಂದಿಗರಾದ ಮೇಲೆ ಆ ಸರಣಿ ಮತ್ತೆ ಖಡ್ಗ ಹಿರಿದು ನಿಂತಿತು. 2026ಕ್ಕೆ ಬರುತ್ತದೆ ಎಂಬ ಮಾತು ಸಿಕ್ಕಿದ್ದೇ ತಡ, ಅಭಿಮಾನಿಗಳು ಒಂದೊಂದು ದೃಶ್ಯವನ್ನೂ ನಿಲ್ಲಿಸಿ ನಿಲ್ಲಿಸಿ ನೋಡತೊಡಗಿದರು.

ಜಪಾನಿನ ಆಟಗಳ ಅಭಿಮಾನಿಗೆ ಕಾಯುವುದು ಹೊಸದಲ್ಲ. 'ಡ್ರ್ಯಾಗನ್ ಕ್ವೆಸ್ಟ್' ಸರಣಿಯ ಹನ್ನೆರಡನೆಯ ಭಾಗದ ಹೆಸರು ಹೊರಬಿದ್ದದ್ದು 2021ರ ಮೇ 27ರಂದು, ಮೊದಲ ಭಾಗ ಬಂದು ಸರಿಯಾಗಿ 35 ವರ್ಷವಾದ ದಿನ. ಅದು ಬರುವ ಮೊದಲೇ ಅದರ ಸಂಗೀತಗಾರ ಕೋಯಿಚಿ ಸುಗಿಯಾಮಾ ತೀರಿಕೊಂಡರು, 2024ರಲ್ಲಿ ಚಿತ್ರಕಾರ ಅಕಿರಾ ತೋರಿಯಾಮಾ ಕೂಡ ಹೋದರು. 1997ರ 'ಫೈನಲ್ ಫ್ಯಾಂಟಸಿ 7' ಆಟವನ್ನು ಹೊಸದಾಗಿ ಕಟ್ಟುವ ಕೆಲಸ 2015ರಲ್ಲಿ ಪ್ರಕಟವಾಯಿತು. ಮೊದಲ ಕಂತು 2020ರಲ್ಲಿ, ಎರಡನೆಯದು 2024ರಲ್ಲಿ ಬಂತು. ಮೂರನೆಯದಕ್ಕಾಗಿ ಅಭಿಮಾನಿಗಳು ಮತ್ತೆ ಕಾಯಬೇಕಾಯಿತು. ಕೊಪ್ಪಳ ಜಿಲ್ಲೆಯ ಗಂಗಾವತಿಯ ಕಾಲೇಜು ಹುಡುಗನಿಗಾಗಲಿ ಕುಷ್ಟಗಿಯ ಮೊಬೈಲ್ ಅಂಗಡಿಯವನಿಗಾಗಲಿ ಈ ಹೆಸರುಗಳು ಇಂದು ದೂರದ ಮಾತಲ್ಲ. ಟೋಕಿಯೋದಲ್ಲಿ ಬಿಟ್ಟ ತುಣುಕು ಅದೇ ಗಳಿಗೆಯಲ್ಲಿ ಇಲ್ಲಿಯ ಅಂಗೈ ಪರದೆಯ ಮೇಲೂ ಓಡುತ್ತದೆ.

ಮುಸಾಶಿ ಕಟ್ಟುಕಥೆಯ ಮನುಷ್ಯನಲ್ಲ. ಸುಮಾರು 1584ರಲ್ಲಿ ಹುಟ್ಟಿ 1645ರಲ್ಲಿ ತೀರಿಕೊಂಡ ಕತ್ತಿವರಸೆಗಾರ. ಅವನ ಕಥೆಗಾಗಿ ಉಸಿರು ಬಿಗಿಹಿಡಿದ ಗಂಗಾವತಿಯ ತಾಲ್ಲೂಕಿನಲ್ಲೇ, ಜಬ್ಬಲಗುಡ್ಡದ ಹತ್ತಿರ, ಬಂಡೆಗಳ ನಡುವೆ ಕುಸಿದು ಬಿದ್ದ ಗೋಡೆಗಳ ಒಂದು ಕೋಟೆಯಿದೆ: ಕುಮ್ಮಟದುರ್ಗ. ಮುಸಾಶಿ ಹುಟ್ಟುವುದಕ್ಕೆ ಎರಡೂವರೆ ಶತಮಾನ ಮೊದಲೇ ಅಲ್ಲೊಬ್ಬ ರಾಜಕುಮಾರ ಕತ್ತಿ ಹಿಡಿದು ಸತ್ತ. ಗಂಡುಗಲಿ ಕುಮಾರರಾಮ. ಆಯಾ ಕಾಲ ಕೊಟ್ಟ ಬಗೆಬಗೆಯ ಆಟಗಳಲ್ಲಿ ಈ ಸೀಮೆ ತನ್ನ ವೀರರನ್ನು ಕುಣಿಸುತ್ತ ಬಂದಿದೆ. ಆ ಪರಂಪರೆಯ ಕಥೆ ಜಪಾನಿನ ಆಟಗಳ ಅಭಿಮಾನಿಗೂ ಗೊತ್ತಿರಬೇಕಾದದ್ದು.

14ನೇ ಶತಮಾನದ ಮೊದಲ ದಶಕಗಳಲ್ಲಿ ದೇವಗಿರಿಯ ಸೇವುಣರ ಬಲ ಕುಸಿದಾಗ ತುಂಗಭದ್ರೆಯ ಎರಡೂ ದಡಗಳಲ್ಲಿ ಒಂದು ಪುಟ್ಟ ರಾಜ್ಯ ತಲೆಯೆತ್ತಿತು. ಮುಮ್ಮಡಿ ಸಿಂಗೆಯ ನಾಯಕ ಹಾಕಿದ ಅಡಿಪಾಯದ ಮೇಲೆ ಅವನ ಮಗ ಕಂಪಿಲರಾಯ ಅದನ್ನು ಬೆಳೆಸಿದ. ಕುಮ್ಮಟ, ಹೇಮಗುಡ್ಡ, ಹೊಸಮಲೆದುರ್ಗ ಅದರ ಗಟ್ಟಿ ನೆಲೆಗಳು. ದಕ್ಷಿಣದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳ, ಉತ್ತರದಲ್ಲಿ ದಿಲ್ಲಿಯ ಸುಲ್ತಾನರು, ನಡುವೆ ಈ ರಾಜ್ಯ. ಕಂಪಿಲರಾಯನ ಮಗನೇ ಕುಮಾರರಾಮ.

ಕೊನೆ ಬಂದದ್ದು ಆಶ್ರಯ ಬೇಡಿ ಬಂದ ಒಬ್ಬನಿಂದ. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಸುಲ್ತಾನನ ವಿರುದ್ಧ ತಿರುಗಿಬಿದ್ದು, ಸೋತು, ಕಂಪಿಲರಾಯನ ಮೊರೆಹೊಕ್ಕ. ರಾಯ ಅವನನ್ನು ಒಪ್ಪಿಸಲಿಲ್ಲ. ದಿಲ್ಲಿಯ ದಂಡು ಬಂತು. ಕುಮ್ಮಟದ ಗೋಡೆಗಳು ಮೊದಮೊದಲು ತಡೆದು ನಿಂತವು, 1327ರಲ್ಲಿ ಎಲ್ಲ ಮುಗಿಯಿತು. ಕೆಲವೇ ವರ್ಷಗಳ ಮೇಲೆ ದಿಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತಾ ಈ ಘಟನೆಯನ್ನು ಬರೆದಿಟ್ಟಿದ್ದಾನೆ. ಅತಿಥಿಯನ್ನು ಸುರಕ್ಷಿತವಾಗಿ ಕಳಿಸಿಕೊಟ್ಟ ರಾಯ, ಬೆಂಕಿಗೆ ಹಾರಿದ ರಾಣಿವಾಸ, ಹೋರಾಡಿ ಬಿದ್ದ ವೀರರು, ದಿಲ್ಲಿಗೆ ಒಯ್ದ ಹನ್ನೊಂದು ಮಂದಿ ರಾಜಪುತ್ರರು, ಎಲ್ಲವೂ ಅವನ ಬರಹದಲ್ಲಿದೆ. ಆ ರಾಜಪುತ್ರರಲ್ಲಿ ಕೆಲವರನ್ನು ಅವನು ಕಣ್ಣಾರೆ ಕಂಡಿದ್ದ. ರಾಮನ ಹೆಸರು ಮಾತ್ರ ಅಲ್ಲಿಲ್ಲ. ಆ ಹೆಸರನ್ನು ಉಳಿಸಿದ್ದು ಕನ್ನಡದ ಜನ.

ಅವರು ಉಳಿಸಿದ ಬಗೆಯೂ ದೊಡ್ಡದು. 16ನೇ ಶತಮಾನದಲ್ಲಿ ನಂಜುಂಡ ಕವಿ ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದ. ಪಾಂಚಾಳ ಗಂಗ, ಮಹಾಲಿಂಗಸ್ವಾಮಿ ಎಂಬ ಕವಿಗಳೂ ಇದೇ ಕಥೆಗೆ ಕೈಹಾಕಿದರು. ಅಲ್ಲಿ ರಾಮನ ದುರಂತ ಶುರುವಾಗುವುದು ಚೆಂಡಾಟದಿಂದ. ಅವನ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಹೋಗಿ ಬೀಳುತ್ತದೆ, ತರಲು ಹೋದವನನ್ನು ಅವಳು ಮೋಹಿಸುತ್ತಾಳೆ. ಅವನು ಒಪ್ಪದಿದ್ದಾಗ ಗಂಡನ ಬಳಿ ದೂರು ಹೇಳುತ್ತಾಳೆ. ತಂದೆ ಮಗನ ತಲೆ ತರಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆಯನ್ನು ತೋರಿಸುತ್ತಾನೆ. ಸತ್ತನೆಂದು ಊರೇ ಅತ್ತ ಮೇಲೆ ದಿಲ್ಲಿಯ ಸೇನೆ ಕೋಟೆಗೆ ಮುತ್ತುತ್ತದೆ, ಆಗ ನೆಲದೊಳಗಿಂದ ರಾಮ ಎದ್ದುಬರುತ್ತಾನೆ. ಕಾಟಣ್ಣನಂಥ ಬಂಟರು ಬೆನ್ನಿಗಿರುತ್ತಾರೆ. ಕೊನೆಯ ಕಾಳಗದಲ್ಲಿ ಎದುರು ನಿಲ್ಲುವವಳು ಮಾತಂಗಿ ಎಂಬ ಹೆಣ್ಣು ದಳಪತಿ. ಪಾತ್ರವಹಿಸುವ ಆಟಗಳನ್ನು ಬಲ್ಲವರಿಗೆ ಈ ಕಥೆಯ ಅಂಗಾಂಗಗಳೆಲ್ಲ ಪರಿಚಿತ: ಜೊತೆಗಾರರ ತಂಡ, ಸುಳ್ಳು ಅಪವಾದ, ಮರಣದಂಥ ಮರೆ, ಮರಳಿ ಬರುವಿಕೆ, ಕಟ್ಟಕಡೆಯ ಬಲಶಾಲಿ ಎದುರಾಳಿ.

ಸತ್ತ ವೀರನನ್ನು ಚಿತ್ರವಾಗಿ ನಿಲ್ಲಿಸುವ ರೂಢಿ ಕುಮಾರರಾಮನಿಗಿಂತ ಹಳೆಯದು. 12ನೇ ಶತಮಾನದಲ್ಲಿ ಎರಂಬರಗೆ ಎನಿಸಿಕೊಂಡಿದ್ದ ಯಲಬುರ್ಗಾ ಸಿಂದ ಮನೆತನದ ರಾಜಧಾನಿ. ಕಲ್ಯಾಣದ ಚಾಲುಕ್ಯರ ಪರವಾಗಿ ಸಿಂದರ ಎರಡನೆಯ ಆಚುಗಿ ಹೊಯ್ಸಳರ ಮೇಲೆ ಕಾದಿದ. ಅದೇ ಕಾಲದಲ್ಲಿ, 1112ರಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಇಟಗಿಯಲ್ಲಿ ಮಹಾದೇವ ದೇವಾಲಯ ಕಟ್ಟಿಸಿದ. ಯುದ್ಧವೂ ಶಿಲ್ಪವೂ ಒಟ್ಟಿಗೇ ನಡೆದ ಆ ಕಾಲದಲ್ಲಿ ಕನ್ನಡನಾಡಿನ ಹಳ್ಳಿಗಳು ತಮ್ಮ ಬಂಟರಿಗೆ ವೀರಗಲ್ಲು ನೆಟ್ಟವು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರ ಕೈಹಿಡಿದು ಮೇಲೇರುವ ವೀರ, ತುದಿಯಲ್ಲಿ ಲಿಂಗದೆದುರು ಕುಳಿತ ಅದೇ ವೀರ. ಅಕ್ಷರ ಬಾರದವನೂ ಕೆಳಗಿನಿಂದ ಮೇಲಕ್ಕೆ ಓದಬಲ್ಲ ಕಥೆ ಅದು.

ರಾಮನಿಗೆ ಕಲ್ಲಿಗಿಂತ ಬೇರೆಯ ಗೌರವ ಸಿಕ್ಕಿತು. ಕಾವ್ಯದಲ್ಲಿ ಅವನ ತಲೆ ದಿಲ್ಲಿಗೆ ಹೋಯಿತಷ್ಟೆ. ಜನ ಆ ತಲೆಯನ್ನು ಮರದಲ್ಲಿ ಕಡೆದು ವಾಪಸು ತಂದರು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಸುತ್ತಿನ ಹಳ್ಳಿಗಳಲ್ಲಿ ಬಣ್ಣ ಬಳಿದ ಕುಮಾರರಾಮನ ಮರದ ತಲೆಗೆ ಪೂಜೆ ನಡೆಯುತ್ತದೆ. ಸಂಡೂರಿನ ಬೆಟ್ಟದ ಮೇಲೂ ಅವನು ದೇವರು. ಸೋತ ರಾಜ್ಯವೊಂದರ ರಾಜಕುಮಾರ ತನ್ನ ನೆಲದಿಂದ ಅಷ್ಟು ದೂರದ ಮಲೆನಾಡಿನಲ್ಲಿ ದೇವರಾಗಿ ಕುಳಿತ ಉದಾಹರಣೆ ಅಪರೂಪ. ಪರನಾರಿ ಸಹೋದರ ಎಂಬ ಬಿರುದು ಅವನ ಕತ್ತಿಗಿಂತ ದೂರ ಪ್ರಯಾಣ ಮಾಡಿತು.

ಆದರೆ ವೀರನನ್ನು ಪೂಜಿಸುವುದು ಒಂದು, ಅವನೇ ಆಗುವುದು ಇನ್ನೊಂದು. ಆಗುವ ದಾರಿ ತೆರೆದದ್ದು ಬಯಲಾಟ.

ಉತ್ತರ ಕರ್ನಾಟಕದಲ್ಲಿ ದೊಡ್ಡಾಟವೆಂದು ಕರೆಯುವ ಈ ಕಲೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲಿನ ತಿಂಗಳುಗಳನ್ನು ತುಂಬುತ್ತಿತ್ತು. ಆಡುವವರು ವೃತ್ತಿ ನಟರಲ್ಲ. ಹಗಲು ಎಡೆಕುಂಟೆ ಹೊಡೆದವನೇ ರಾತ್ರಿ ತಾಲೀಮಿಗೆ ಬರುತ್ತಿದ್ದ. ಊರವರು ಮಾಸ್ತರರನ್ನು ಕರೆಸಿ, ಉಳಿಯಲು ಮನೆ ಕೊಟ್ಟು, ತಿಂಗಳುಗಟ್ಟಲೆ ಮಾತು, ಹಾಡು, ಹೆಜ್ಜೆ ಕಲಿಯುತ್ತಿದ್ದರು. ಯಾರಿಗೆ ಯಾವ ಪಾತ್ರ ಎಂಬುದು ದೊಡ್ಡ ಚರ್ಚೆಯ ವಿಷಯ. ಪಾತ್ರ ಹಿಡಿದವನು ಖರ್ಚಿನಲ್ಲಿ ಪಾಲು ಕೊಡಬೇಕು, ದೊಡ್ಡ ಪಾತ್ರಕ್ಕೆ ದೊಡ್ಡ ಪಾಲು. ಇಂದ್ರಜಿತುವೋ ಅಭಿಮನ್ಯುವೋ ಆಗುವುದಕ್ಕೆ ರೈತನೊಬ್ಬ ಕೈಯಾರೆ ಹಣ ತೆತ್ತು, ನಿದ್ದೆಗೆಟ್ಟು, ಮಾತು ಬಾಯಿಪಾಠ ಮಾಡುತ್ತಿದ್ದ. ಇಂದು ಅದೇ ಆಸೆಯಿಂದ ಆಟಗಾರ ನೂರು ಗಂಟೆಯ ಜಪಾನಿ ಆಟಕ್ಕೆ ದುಡ್ಡು ಕೂಡಿಡುತ್ತಾನೆ.

ಬಯಲಾಟದಲ್ಲಿ ವೀರನ ಪ್ರವೇಶಕ್ಕೆ ಒಂದು ಕ್ರಮವಿದೆ. ಇಬ್ಬರು ಪರದೆ ಹಿಡಿದು ನಿಲ್ಲುತ್ತಾರೆ. ಮೊದಲು ಕಾಣುವುದು ಪರದೆಯ ಮೇಲೆ ತುದಿಚಾಚಿದ ಕಿರೀಟ, ಕೇಳುವುದು ಗೆಜ್ಜೆಯ ಸಪ್ಪಳ. ಪರದೆ ಸರಿದಾಗ ಭುಜಕೀರ್ತಿ, ಎದೆಹಾರ, ಬಣ್ಣದ ಮರದ ಆಭರಣಗಳ ಭಾರ ಹೊತ್ತವನು ಹಲಗೆ ಅದುರುವಂತೆ ಹೆಜ್ಜೆ ಹಾಕುತ್ತಾನೆ. ಆಗ ಸಾರಥಿ ಮುಂದೆ ಬಂದು, ನೀವು ಯಾರು, ಯಾವ ಊರಿನವರು, ಈ ಸಭೆಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರ ತನ್ನ ಬಿರುದು, ಬಲ, ವಂಶ, ಹಗೆ ಎಲ್ಲವನ್ನೂ ಬಿಚ್ಚಿ ಹೇಳುತ್ತದೆ. ಅಷ್ಟಾದ ಮೇಲೇ ಕಥೆ ಮುಂದೆ ಹೋಗುವುದು. ಭಾಗವತನ ಪದ, ಮದ್ದಳೆ, ತಾಳ, ಮುಖವೀಣೆಗಳ ಹಿಮ್ಮೇಳದಲ್ಲಿ ಬೆಳತನಕ ನಡೆಯುವ ಈ ಆಟದಲ್ಲಿ ಸಾರಥಿಯೇ ನೋಡುವವರ ಪ್ರತಿನಿಧಿ. ಅವರು ಕೇಳಬೇಕೆಂದಿದ್ದನ್ನು ಅವನು ಕೇಳುತ್ತಾನೆ, ಪುರಾಣದ ಬಿಗುವಿನ ನಡುವೆ ಆಡುಮಾತಿನಲ್ಲಿ ನಗಿಸುತ್ತಾನೆ. ರಾಮಾಯಣ, ಭಾರತದ ಪ್ರಸಂಗಗಳ ಜೊತೆ ಕುಮಾರರಾಮನ ಕಥೆಯೂ ಬಯಲಾಟವಾಯಿತು. ಕುಮ್ಮಟದ ಅರಸುಮಗ ಹೀಗೆ ಒಕ್ಕಲು ಮಕ್ಕಳ ಮೈಮೇಲೆ ಬಂದ.

ಮೈಮೇಲೆ ಬರುವ ವೀರರು ಬಯಲಾಟದವರಾದರೆ, ಪರದೆಯ ಮೇಲೆ ಬರುವ ವೀರರು ಶಿಳ್ಳೇಕ್ಯಾತರವರು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಪ್ರಕಟವಾದಾಗ ಅವರ ವಯಸ್ಸು 96. ಹದಿನಾಲ್ಕರ ಹುಡುಗಿಯಾಗಿದ್ದಾಗ ಗೊಂಬೆ ಹಿಡಿದವರು ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ರಾಮಾಯಣ, ಮಹಾಭಾರತಗಳನ್ನು ತೊಗಲು ಗೊಂಬೆಯಲ್ಲಿ ಆಡಿಸಿದರು, ಹೊರದೇಶಗಳಲ್ಲೂ ಪ್ರದರ್ಶನ ಕೊಟ್ಟರು. ದೇಶ ಅವರನ್ನು ಗೊಂಬೆಯಾಟದ ಅಜ್ಜಿ ಎಂದು ಗುರುತಿಸಿತು.

ಕಿಳ್ಳೇಕ್ಯಾತ, ಶಿಳ್ಳೇಕ್ಯಾತ, ಕಟಬು ಎಂದೆಲ್ಲ ಕರೆಸಿಕೊಂಡ ಈ ಸಮುದಾಯದವರು ಹೊಳೆ ಕೆರೆಗಳಲ್ಲಿ ಮೀನು ಹಿಡಿಯುತ್ತ, ರಾತ್ರಿ ಆಟ ಆಡುತ್ತ ಊರೂರು ತಿರುಗಿದವರು. ಮನೆಯೊಳಗೆ ಮರಾಠಿ ಬೆರೆತ ನುಡಿ, ಪರದೆಯ ಹಿಂದೆ ಅಚ್ಚ ಕನ್ನಡ. ತೊಗಲನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಗೆರೆ ಬರೆದು, ಉಳಿಯಿಂದ ಸಣ್ಣ ತೂತುಗಳನ್ನು ಕೊರೆದು, ಕೆಂಪು ಹಸಿರು ಕಪ್ಪು ಬಣ್ಣ ತುಂಬಿದರೆ ಗೊಂಬೆ. ಕರ್ನಾಟಕದ ತೊಗಲು ಗೊಂಬೆಗಳಿಗೆ ಒಂದು ವಿಶೇಷವಿದೆ: ಎಷ್ಟೋ ಕಡೆ ಒಂದೇ ತೊಗಲಿನಲ್ಲಿ ಇಡೀ ದೃಶ್ಯವೇ ಇರುತ್ತದೆ, ಸಿಂಹಾಸನ ಸಮೇತ ರಾವಣನ ಒಡ್ಡೋಲಗ ಅಥವಾ ಕುದುರೆ ಸಮೇತ ರಥ. ಪಾತ್ರದ ಸ್ಥಾನಕ್ಕೆ ತಕ್ಕಂತೆ ಗೊಂಬೆಯ ಎತ್ತರವೂ ಬದಲಾಗುತ್ತದೆ. ಬಿಳಿ ಪರದೆಯ ಹಿಂದೆ ಮೊದಲು ಉರಿದದ್ದು ಹರಳೆಣ್ಣೆಯ ದೀಪ, ಆಮೇಲೆ ಗ್ಯಾಸ್ ಲೈಟು, ಅದರ ಮೇಲೆ ಕರೆಂಟಿನ ಬಲ್ಬು.

ದೀಪ ಹತ್ತಿದ ಮೇಲೆ ಮೊದಲು ಗಣಪತಿ ಶಾರದೆಯರ ಪೂಜೆ. ನಂತರ ಕರಿಮೈಯ ವಿದೂಷಕ ಗೊಂಬೆ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ಬಂದು ಜಗಳವಾಡಿ ಊರನ್ನು ನಗಿಸುತ್ತಾರೆ. ಆಮೇಲೆ ಹನುಮಂತ ಹಾರುತ್ತಾನೆ, ಲಂಕೆ ಹೊತ್ತಿ ಉರಿಯುತ್ತದೆ, ಬಾಣಗಳು ಪರದೆಯ ಈ ತುದಿಯಿಂದ ಆ ತುದಿಗೆ ಹಾಯುತ್ತವೆ. ಮಕ್ಕಳು ಅಂಗಳದ ಮುಂಚೂಣಿಯಲ್ಲಿ ಚಾಪೆ ಹಾಸಿ ಜಾಗ ಹಿಡಿಯುತ್ತಿದ್ದರು. ಮಳೆ ಹೋದ ವರ್ಷ, ದನಗಳಿಗೆ ರೋಗ ಬಂದ ವರ್ಷ ಊರವರೇ ಕರೆಸಿ ಆಡಿಸುವುದಿತ್ತು, ಆಟವಾದರೆ ಮಳೆ ಬರುತ್ತದೆಂಬ ನಂಬಿಕೆ. ಸವೆದು ಹರಿದ ಗೊಂಬೆಯನ್ನು ಬಿಸಾಡುವಂತಿಲ್ಲ, ಪೂಜೆ ಮಾಡಿ ಹೊಳೆಗೆ ಬಿಡಬೇಕು. ಹೊಳೆಗೆ ಹೋಗದೆ ಉಳಿದ ಹಳೆಯ ಗೊಂಬೆಗಳನ್ನು ಕಲಾವಿದ ಎಂ. ಎಸ್. ನಂಜುಂಡರಾವ್ ಊರೂರು ಸುತ್ತಿ ಕೂಡಿಸಿದ್ದರಿಂದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅವುಗಳ ದೊಡ್ಡ ಸಂಗ್ರಹವೇ ನಿಂತಿದೆ.

ಈ ವೀರರಿಗೆ ಮೂರು ಆಯಾಮದ ದೇಹ ಕೊಟ್ಟವರು ಕಿನ್ನಾಳದ ಚಿತ್ರಗಾರರು. ಕೊಪ್ಪಳಕ್ಕೆ ಹತ್ತಿರದ ಈ ಊರಿನ ಕುಶಲಕರ್ಮಿಗಳ ಹಿರಿಯರೇ ಹಂಪಿಯ ವಿರೂಪಾಕ್ಷ ಗುಡಿಯ ಮಾಡಿನ ಚಿತ್ರಗಳನ್ನು ಬರೆದವರೆಂಬ ಪರಂಪರೆಯ ಮಾತಿದೆ. ಹಗುರವಾದ ಪೊಲ್ಕಿ ಮರದಲ್ಲಿ ಅಂಗಗಳನ್ನು ಬೇರೆ ಬೇರೆ ಕಡೆದು ಜೋಡಿಸುತ್ತಾರೆ. ಗೋಣಿನಾರಿನ ಪುಡಿಗೆ ಹುಣಸೆಬೀಜದ ಅಂಟು ಬೆರೆಸಿದ ಕಿಟ್ಟದಿಂದ ಸಂದು ಮುಚ್ಚುತ್ತಾರೆ. ಮೇಲೆ ಬಟ್ಟೆ ಹಚ್ಚಿ, ಬಿಳಿ ಬಳಿದು, ಆಭರಣಗಳನ್ನು ಉಬ್ಬಿಸಿ, ಲೋಹದ ತಗಡಿನ ಲಾಜವರದಿಂದ ಚಿನ್ನದ ಹೊಳಪು ತರುತ್ತಾರೆ. ರೆಕ್ಕೆ ಬಿಚ್ಚಿದ ಗರುಡ, ಆಂಜನೇಯ, ಗೌರಿ, ಜಾತ್ರೆಯ ಆಟಿಕೆ ಎಲ್ಲವೂ ಅದೇ ಕೈಗಳಿಂದ ಬಂದವು. ಭೌಗೋಳಿಕ ಗುರುತಿನ ಮಾನ್ಯತೆ ಈ ಗೊಂಬೆಗಳಿಗೆ ಸಿಕ್ಕಿದೆ.

ಹೀಗೆ ಒಂದೇ ಜಿಲ್ಲೆಯಲ್ಲಿ ವೀರಕಥೆಯಿತ್ತು, ಪಾತ್ರ ಹಿಡಿಯುವ ರೂಢಿಯಿತ್ತು, ಬೆಳಗುವ ಪರದೆಯಿತ್ತು, ಗೊಂಬೆ ಮಾಡುವ ಕೇರಿಯಿತ್ತು. ಇವೆಲ್ಲವನ್ನೂ ಸಾಕಿದ್ದು ಊರು. ಆಟಗಾರರಿಗೆ ಸಿಗುತ್ತಿದ್ದದ್ದು ಕಾಳು, ಬಟ್ಟೆ, ಒಂದಿಷ್ಟು ಹಣ. ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳ ಸಾಲಾರ್ ಜಂಗರ ಜಹಗೀರಾಗಿತ್ತು. ಕಾಳಿನ ಈ ಲೆಕ್ಕ ಆಗಲೂ ನಡೆಯಿತು. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯಿತು, ಗಂಗಾವತಿ ಸೀಮೆ ಭತ್ತದ ಕಣಜವಾಯಿತು. ಜೋಳದ ರಾಶಿಯಾದ ಮೇಲಿನ ಬಿಡುವಿನ ಜಾಗಕ್ಕೆ ಎರಡನೆಯ ಬೆಳೆಯ ನಾಟಿ ಬಂತು. ಟೂರಿಂಗ್ ಟಾಕೀಸು, ನಾಟಕ ಕಂಪನಿಗಳು, ರೇಡಿಯೋ ಬಂದವು. 1987ರ ಜನವರಿಯಲ್ಲಿ ದೂರದರ್ಶನದ ರಾಮಾಯಣ ಶುರುವಾದಾಗ ಭಾನುವಾರ ಬೆಳಗ್ಗೆ ಟಿವಿ ಇದ್ದ ಮನೆಯ ಮುಂದೆ ಜನ ನೆರೆದರು. ಲಂಕಾದಹನ ಅದೇ, ವೀರ ಅದೇ, ಪರದೆಯಷ್ಟೇ ಬೇರೆ. ಆದರೆ ಆ ಪರದೆಯ ಹಿಂದೆ ಮೋರನಾಳದ ಕೈಗಳಿರಲಿಲ್ಲ.

ಅದೇ ಹೊತ್ತಿಗೆ ಜಪಾನಿನಲ್ಲಿ ನಡೆದದ್ದು ಬೇರೆ. ಅಲ್ಲಿ ಆಟಿಕೆ ಮತ್ತು ಎಲೆಯಾಟದ ಕಸುಬುದಾರರೇ ಹೊಸ ಪರದೆಗೆ ದಾಟಿದರು. ನಿಂಟೆಂಡೋ 1889ರಲ್ಲಿ ಕ್ಯೋಟೋದಲ್ಲಿ ಹೂವಿನ ಚಿತ್ರದ ಇಸ್ಪೀಟೆಲೆ ತಯಾರಿಸುವ ಅಂಗಡಿಯಾಗಿ ಶುರುವಾಗಿತ್ತು. ನ್ಯಾಮ್ಕೋ ಕಂಪನಿಯ ಮಸಾಯಾ ನಕಮುರಾ 1955ರಲ್ಲಿ ಆರಂಭಿಸಿದ್ದು ಯೋಕೊಹಾಮಾದ ಅಂಗಡಿ ಕಟ್ಟಡವೊಂದರ ಮಾಳಿಗೆಯ ಮೇಲೆ ಮಕ್ಕಳು ಕೂರುವ ಎರಡು ಯಂತ್ರದ ಕುದುರೆಗಳಿಂದ.

ಎಲ್ಲಕ್ಕಿಂತ ಕೊಪ್ಪಳಕ್ಕೆ ಹತ್ತಿರವಾದದ್ದು ಅಶಿಕಾಗಾ ಎಂಬ ಊರಿನ ಕಥೆ. ನೇಯ್ಗೆಗೆ ಹೆಸರಾದ ಆ ಊರಿನಲ್ಲಿ ಯೋಯಿಚಿ ಎರಿಕಾವಾ ಎಂಬ ಯುವಕನದು ಬಣ್ಣದ ವ್ಯಾಪಾರದ ಮನೆತನ. 1978ರಲ್ಲಿ ಅವನು ಅದೇ ವ್ಯಾಪಾರಕ್ಕಾಗಿ ಕೋಯೀ ಎಂಬ ಕಂಪನಿ ತೆರೆದ. ಮೂವತ್ತನೆಯ ಹುಟ್ಟುಹಬ್ಬಕ್ಕೆ ಹೆಂಡತಿ ಕೇಕೋ ಒಂದು ಕಂಪ್ಯೂಟರ್ ಉಡುಗೊರೆ ಕೊಟ್ಟಳು. ಅದರ ಮೇಲೆ ಅವನು 1981ರಲ್ಲಿ ಬರೆದ ಆಟ ಕವಾನಕಜಿಮಾ ಕದನದ್ದು, 16ನೇ ಶತಮಾನದಲ್ಲಿ ತಕೇದಾ ಶಿಂಗೆನ್ ಮತ್ತು ಉಯೆಸುಗಿ ಕೆನ್‌ಶಿನ್ ಕಾದಿದ ನಿಜವಾದ ಯುದ್ಧ. 1983ರಲ್ಲಿ 'ನೊಬುನಾಗಾಸ್ ಆಂಬಿಷನ್' ಬಂತು. ಮುಂದೆ ಈ ಕಂಪನಿ ಟೆಕ್ಮೋ ಜೊತೆ ಸೇರಿ ಕೋಯೀ ಟೆಕ್ಮೋ ಆಯಿತು, 'ನಿಯೋ'ದಂಥ ಸಮುರಾಯ್ ಆಟಗಳು ಅದೇ ಮನೆಯವು. ಬಣ್ಣದ ವ್ಯಾಪಾರಿ ದೂರದ ಕಥೆ ಹುಡುಕಲಿಲ್ಲ, ಶಾಲೆಯ ಚರಿತ್ರೆ ಪುಸ್ತಕದಲ್ಲಿದ್ದ ಕಾಳಗವನ್ನೇ 'ಇನ್ನು ನೀನೇ ಆಡು' ಎಂದು ಜನರ ಕೈಗಿತ್ತ.

ಮುಸಾಶಿಯ ದಾರಿ ಇದಕ್ಕಿಂತ ಉದ್ದ. 1935ರಿಂದ 1939ರವರೆಗೆ ಎಯಿಜಿ ಯೋಶಿಕಾವಾ ಅವನ ಮೇಲೆ ಬರೆದ ಕಾದಂಬರಿ ಅಸಾಹಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 1954ರಿಂದ 1956ರವರೆಗೆ ಹಿರೋಶಿ ಇನಗಾಕಿ ಅದನ್ನು ಮೂರು ಸಿನಿಮಾಗಳಾಗಿ ತೆಗೆದರು, ಮುಸಾಶಿಯಾದವರು ತೊಶಿರೋ ಮಿಫುನೆ. 1998ರಲ್ಲಿ ತಕೆಹಿಕೋ ಇನೊಯೆ ಅದನ್ನೇ 'ವ್ಯಾಗಬಾಂಡ್' ಎಂಬ ಚಿತ್ರಕಥೆಯಾಗಿ ಬರೆಯತೊಡಗಿದರು. ಈಗಿನ 'ಒನಿಮುಶಾ'ದಲ್ಲಿ ಮುಸಾಶಿಗೆ ಕೊಟ್ಟಿರುವುದು ತೀರಿಹೋದ ಮಿಫುನೆಯ ಮುಖವನ್ನೇ. ಪುಸ್ತಕ ಸಿನಿಮಾಕ್ಕೆ, ಸಿನಿಮಾ ಆಟಕ್ಕೆ ಅವನನ್ನು ಕೈಯಿಂದ ಕೈಗೆ ದಾಟಿಸಿದೆ. ಇಂಥ ಆಟಗಳಿಂದ ಊರುಗಳಿಗೂ ಉಸಿರು ಬಂದಿದೆ. 2005ರಲ್ಲಿ ಕ್ಯಾಪ್‌ಕಾಮ್‌ನ 'ಸೆಂಗೋಕು ಬಸಾರಾ' ಬಂದ ಮೇಲೆ ದಾತೆ ಮಸಮುನೆಯ ಅಭಿಮಾನಿಗಳು ಅವನ ಸೆಂಡಾಯ್ ಕೋಟೆ ನೋಡಲು ಹೊರಟರು. 2009ರಲ್ಲಿ ಮಿಯಾಗಿ ಪ್ರಾಂತದ ಗವರ್ನರ್ ಚುನಾವಣೆಗೆ ಮತದಾರರನ್ನು ಕರೆಯುವ ಭಿತ್ತಿಚಿತ್ರದಲ್ಲೂ ಅದೇ ಮಸಮುನೆ ಕಾಣಿಸಿಕೊಂಡ.

ಕುಮಾರರಾಮನ ಸಾಲು ಸಾಂಗತ್ಯ, ಮರದ ತಲೆ, ಬಯಲಾಟಗಳಿಂದ ಸಿನಿಮಾದವರೆಗೆ ಬಂದಿದೆ. 2006ರಲ್ಲಿ ಎಚ್. ಆರ್. ಭಾರ್ಗವ ನಿರ್ದೇಶನದಲ್ಲಿ ಶಿವರಾಜ್‌ಕುಮಾರ್ 'ಗಂಡುಗಲಿ ಕುಮಾರರಾಮ'ನಾದರು. ಅಲ್ಲಿಂದ ಮುಂದಿನ ಮೆಟ್ಟಿಲು ಖಾಲಿ. ಅಷ್ಟರಲ್ಲಿ ಹೊರಗಿನವರು ಈ ನೆಲದ ಕಡೆ ಕಣ್ಣು ಹಾಯಿಸಿದ್ದಾರೆ. ಕಂಪಿಲರಾಯನೊಡನೆ ಸೆಣಸಿದ ಹೊಯ್ಸಳರ ಹಳೇಬೀಡು, ಬೇಲೂರುಗಳನ್ನು 2017ರಲ್ಲೇ ಅಮೆರಿಕದ ನಾಟಿ ಡಾಗ್ ಕಂಪನಿ 'ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ'ಯಲ್ಲಿ ಕಥೆಯ ನೆಲವಾಗಿಸಿಕೊಂಡಿತು. ಜಪಾನಿನ ಯುಗೋ ಸಾಕೋ ಭಾರತದ ಉತ್ಖನನಗಳ ಮೇಲೆ ಸಾಕ್ಷ್ಯಚಿತ್ರ ಮಾಡಲು ಬಂದು ರಾಮಾಯಣಕ್ಕೆ ಮರುಳಾದರು. ರಾಮ್ ಮೋಹನ್ ಮತ್ತು ಕೋಯಿಚಿ ಸಸಾಕಿ ಜೊತೆಗೂಡಿ ಅವರು ಮಾಡಿದ ಅನಿಮೇಷನ್ ಚಿತ್ರ 2025ರ ಜನವರಿಯಲ್ಲಿ ಮತ್ತೆ ಭಾರತದ ಚಿತ್ರಮಂದಿರಗಳಿಗೆ ಬಂತು. ಆ ಚಿತ್ರದ ವಾಲಿ, ಸುಗ್ರೀವ, ಹನುಮಂತರ ಕಿಷ್ಕಿಂಧೆಯೆಂದು ಜನ ನಂಬುವುದು ಗಂಗಾವತಿಯ ಆನೆಗೊಂದಿಯನ್ನು, ಅಂಜನಾದ್ರಿಯನ್ನು. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ತಂದ 'ರಾಜಿ' ಎಂಬ ಆಟದಲ್ಲಿ ಕಥೆ ಹೇಳುವ ದೃಶ್ಯಗಳು ತೊಗಲು ಗೊಂಬೆಯ ನೆರಳಿನ ರೀತಿಯಲ್ಲೇ ಇವೆ.

ಬೇಕಾದ ಸಲಕರಣೆ ಈಗ ದೂರದಲ್ಲಿಲ್ಲ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ 2012ರಲ್ಲೇ ನೀತಿ ರೂಪಿಸಿ ಕರ್ನಾಟಕ ದೇಶದಲ್ಲಿ ಮೊದಲನೆಯದಾಯಿತು, 2024ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಹಿಂದೆ ಯಲಬುರ್ಗಾ ತಾಲ್ಲೂಕಿಗೇ ಸೇರಿದ್ದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಕಿನ್ನಾಳ ಅದೇ ಜಿಲ್ಲೆಯಲ್ಲಿದೆ. ಕಾರ್ಖಾನೆಯ ಅಚ್ಚಿಗೆ ಬೇಕಾದ ಮೊದಲ ಮಾದರಿಯನ್ನು ಮರದಲ್ಲಿ ಕಡೆದುಕೊಡಬಲ್ಲ ಕೈಗಳು ಅಲ್ಲಿ ಇನ್ನೂ ಇವೆ. ಹಳೆಯ ಕಾವ್ಯಗಳನ್ನು ಓದಿಕೊಡಬಲ್ಲ ಕನ್ನಡ ವಿಶ್ವವಿದ್ಯಾಲಯ ಹೊಳೆಯಾಚೆ ಹಂಪಿಯಲ್ಲಿದೆ.

ಕೊರತೆಯಿರುವುದು ಇವರನ್ನೆಲ್ಲ ಒಂದೇ ಜಗಲಿಯ ಮೇಲೆ ಕೂರಿಸುವ ಎರಿಕಾವಾನಂಥ ಒಬ್ಬ ಮನುಷ್ಯನದು. ಬಹುಶಃ ಅವನೋ ಅವಳೋ ಮುಸಾಶಿಗಾಗಿ, ಡ್ರ್ಯಾಗನ್ ಕ್ವೆಸ್ಟಿಗಾಗಿ ದಿನ ಎಣಿಸಿದ ಹುಡುಗ ಹುಡುಗಿಯರ ನಡುವೆಯೇ ಇದ್ದಾರೆ. ಆ ಆಟಗಳನ್ನು ಮೆಚ್ಚುವ ಕಣ್ಣಿಗೆ ಕುಮ್ಮಟದಲ್ಲಿ ಏನು ಸಿಗುತ್ತದೆಂದು ಊಹಿಸುವುದು ಕಷ್ಟವಲ್ಲ. ಆಟ ತೆರೆಯುತ್ತಲೇ ಸಾರಥಿ ಬಂದು ಆಟಗಾರನ ಹೆಸರು, ಊರು, ಬಂದ ಕಾರಣ ಕೇಳಬಹುದು. ಕಥೆಯ ಹಿಂದುಮುಂದುಗಳನ್ನು ಮೋರನಾಳದ ತೊಗಲು ಹೇಳಬಹುದು, ನಡುನಡುವೆ ಕಿಳ್ಳೇಕ್ಯಾತ ಬಂದು ಕಾಲೆಳೆಯಬಹುದು. ಚೆಂಡಾಟದಿಂದ ಶುರುವಾಗಿ, ಬೈಚಪ್ಪನ ನೆಲಮನೆಯ ಕತ್ತಲನ್ನು ದಾಟಿ, ಜಬ್ಬಲಗುಡ್ಡದ ನಿಜವಾದ ಬಂಡೆಗಳ ನಡುವೆ ಮಾತಂಗಿಗೆ ಎದುರಾಗುವ ಹೊತ್ತಿಗೆ, ರಾಮನ ಹೆಗಲ ಮೇಲೆ ಕಿನ್ನಾಳದವರು ಬಣ್ಣ ಕಟ್ಟಿದ ಭುಜಕೀರ್ತಿ ಇರಬಹುದು. ಅಂಥ ಆಟದ ಮೊದಲ ತುಣುಕು ಹೊರಬಿದ್ದ ದಿನ ಅಶಿಕಾಗಾದ ಯಾವನೋ ಹುಡುಗ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಕುಮ್ಮಟ ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕಲಿ.